ಲಂಗ ತೊಟ್ಟು ಹಿಮಬೆಟ್ಟ ಹತ್ತಿದವರು

ಬೊಲಿವಿಯಾ ದೇಶದ ಲಾ ಪಾಸ್ ನಗರ ಒಂದು ದೊಡ್ಡ ಬಾಣಲೆಯ ತಳದಲ್ಲಿದೆ. ತಳ ಎಂದರೂ ಅದು ಸಮುದ್ರಮಟ್ಟದಿಂದ ಸುಮಾರು 3,600 ಮೀಟರ್ ಎತ್ತರ. ನಮ್ಮ ಮುಳ್ಳಯ್ಯನಗಿರಿಯ ತಲೆಯ ಮೇಲೆ ಇನ್ನೊಂದು ಮುಳ್ಳಯ್ಯನಗಿರಿಯನ್ನು ಕೂರಿಸಿದರೆ ಹೆಚ್ಚುಕಡಿಮೆ ಆ ಊರಿನ ಪೇಟೆಬೀದಿ ಸಿಕ್ಕೀತು. ಬಾಣಲೆಯ ಅಂಚಿನಲ್ಲಿ, 4,000 ಮೀಟರಿಗೂ ಮೇಲೆ, ಎಲ್ ಆಲ್ಟೊ ಎಂಬ ಮತ್ತೊಂದು ಊರು. ನಮ್ಮ ಕಡೆ ದುಡ್ಡಿದ್ದವರು ಗುಡ್ಡದ ಮೇಲೆ ಬಂಗಲೆ ಕಟ್ಟುತ್ತಾರೆ. ಅಲ್ಲಿ ತಗ್ಗಿಗೇ ಬೆಲೆ. ತಗ್ಗಿನಲ್ಲಿ ಚಳಿ ಕಡಿಮೆ, ಉಸಿರಾಡುವ ಗಾಳಿ ಹೆಚ್ಚು. ಆದ್ದರಿಂದ ಉಳ್ಳವರು ಕೆಳಗೆ, ಅಯ್ಮಾರಾ ಜನಾಂಗದ ಬಡವರು ಮೇಲೆ.

ಮಗಳಿಗೆ ಆ ಊರಿನಲ್ಲಿ ಎರಡು ತಿಂಗಳ ಕೆಲಸ ಬಿದ್ದಿತ್ತು. "ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಇತಿಹಾಸ ಪಾಠ ಮಾಡಿದೀಯಲ್ಲಮ್ಮ, ಒಂದು ಸಲ ಬಂದು ನೋಡು" ಎಂದಳು. ಹಾಸನ ಬಿಟ್ಟರೆ ಬೆಂಗಳೂರು ಎಂದುಕೊಂಡಿದ್ದವಳು ಹೊರಟೇಬಿಟ್ಟೆ. ಅಲ್ಲಿಂದ ಸುಮಾರು 30 ಕಿಲೋಮೀಟರ್ ದೂರದ ಚಕಲ್ತಾಯಾ ಬೆಟ್ಟಕ್ಕೆ, ಮಾರ್ಗದರ್ಶಿಯ ಜೊತೆ, ಬೆಳಿಗ್ಗೆ ಹೋಗಿ ಸಂಜೆ ಬರುವ ಚಾರಣ. ನೆತ್ತಿಯ ಎತ್ತರ ಸುಮಾರು 5,400 ಮೀಟರ್. ನನ್ನ ವಯಸ್ಸು ಅರವತ್ತಕ್ಕೆ ಎರಡು ಕಮ್ಮಿ. ಐದು ದಿನ ಊರಿನಲ್ಲೇ ಅಡ್ಡಾಡಿಸಿ, ಕೋಕಾ ಎಲೆಯ ಕಷಾಯ ಕುಡಿಸಿ, ಮೈಯನ್ನು ಎತ್ತರಕ್ಕೆ ಒಗ್ಗಿಸಿ, ಆಮೇಲೇ ಮಗಳು ವ್ಯಾನಿಗೆ ಹೇಳಿದಳು.

ಬಂದ ಮಾರ್ಗದರ್ಶಿ ನಲವತ್ತೈದರ ಆಸುಪಾಸಿನ ಹೆಂಗಸು. ಎರಡು ಜಡೆ, ತಲೆಯ ಮೇಲೆ ಪುಟ್ಟ ದುಂಡು ಹ್ಯಾಟು, ನಾಲ್ಕಾರು ಪದರದ ನೆರಿಗೆ ನೆರಿಗೆಯ ಲಂಗ. ಆ ಲಂಗಕ್ಕೆ ಅಲ್ಲಿ 'ಪೊಯೇರಾ' ಎನ್ನುತ್ತಾರೆ. ಕಾಲಿಗೆ ಮಾತ್ರ ಬೆಟ್ಟ ಹತ್ತುವ ದಪ್ಪ ಬೂಟು. ನನ್ನನ್ನು "ಮಾಮಾ" ಎಂದು ಕರೆದರು. ಗಾಬರಿಯಾಗಬೇಡಿ, ಅಯ್ಮಾರಾ ಭಾಷೆಯಲ್ಲಿ ಮಾಮಾ ಎಂದರೆ ಅಮ್ಮನವರೇ. ಗಂಡಸರಿಗೆ 'ತಾತಾ', ಅಲ್ಲಿ ತಾತನಾಗಲು ಮುದುಕನಾಗಬೇಕಿಲ್ಲ!

ಎಲ್ ಆಲ್ಟೊದ ಅಂಚಿನಲ್ಲಿ ಆಕೆ ವ್ಯಾನು ನಿಲ್ಲಿಸಿದರು. ಕೆಳಗೆ ನಗರ ಅಂಗೈ ಮೇಲಿಟ್ಟಂತೆ ಕಾಣುತ್ತಿತ್ತು. "ಬಾರ್ತೊಲಿನಾ ಸಿಸಾ ಇಲ್ಲಿಂದಲೇ ಈ ಊರಿಗೆ ಮುತ್ತಿಗೆ ಹಾಕಿದ್ದು" ಎಂದರು. ಮಗಳು ಸ್ಪ್ಯಾನಿಷ್‌ನಿಂದ ಕನ್ನಡಕ್ಕೆ ತಂದು ಹೇಳುತ್ತಿದ್ದಳು.

ಆ ಹೆಸರು ನಮ್ಮ ಪಠ್ಯಪುಸ್ತಕಗಳಲ್ಲಿ ಬರಲೇ ಇಲ್ಲ. 1781ರಲ್ಲಿ ಸ್ಪೇನಿನ ಆಳ್ವಿಕೆಯ ವಿರುದ್ಧ ಅಯ್ಮಾರಾ ಜನ ದಂಗೆ ಎದ್ದರು. ತೆರಿಗೆ, ಬಿಟ್ಟಿ ಗಣಿಚಾಕರಿ, ಬೇಡದ ಸಾಮಾನನ್ನು ಹೇಳಿದ ಬೆಲೆಗೆ ಕೊಳ್ಳಲೇಬೇಕೆಂಬ ದಬ್ಬಾಳಿಕೆ, ಎಲ್ಲ ಸೇರಿ ಹೊಟ್ಟೆಗೆ ಬೆಂಕಿ ಬಿದ್ದಿತ್ತು. ಮುಂದಾಳು ತುಪಾಕ್ ಕತಾರಿ. ಬಾರ್ತೊಲಿನಾ ಆತನ ಹೆಂಡತಿ. ನೂಲುವ, ನೇಯುವ ಕಸುಬಿನವಳು. ಗಂಡ ಬೇರೆ ಕಡೆ ಹೋದಾಗಲೆಲ್ಲ ಈ ಅಂಚಿನ ಮೇಲಿನ ಪಾಳೆಯದ ದಂಡನಾಯಕಿ ಅವಳೇ. ಹೆಂಗಸು ತಾನೇ ಎಂದು ಅವಳನ್ನು ಹಿಡಿಯಲು ಕೆಳಗಿನಿಂದ ಬಂದ ಸೈನಿಕರನ್ನು ಅವಳ ಪಡೆ ಸೋಲಿಸಿ ಅಟ್ಟಿತು. ಮಾರ್ಚಿಯಲ್ಲಿ ಶುರುವಾದ ಮುತ್ತಿಗೆಯ ಮೊದಲ ಸುತ್ತೇ ನೂರು ದಿನ ದಾಟಿತು. ಕೆಳಗೆ ಊರಿನೊಳಗೆ ಹಸಿವಿನಿಂದ, ರೋಗದಿಂದ ಸಾವಿರಾರು ಜನ ಸತ್ತರು. ಅವರಲ್ಲೂ ಹೆಂಗಸರು, ಮಕ್ಕಳು ಇದ್ದರು. ಮುತ್ತಿಗೆಯ ಕಥೆಯನ್ನು ಹೇಳುವಾಗ ಅದನ್ನು ಬಿಡಬಾರದು. ಜುಲೈ ತಿಂಗಳಲ್ಲಿ ನಂಬಿದವರೇ ಮೋಸ ಮಾಡಿ ಬಾರ್ತೊಲಿನಾಳನ್ನು ಹಿಡಿದುಕೊಟ್ಟರು. ನವೆಂಬರ್ 15ರಂದು ಕತಾರಿಯನ್ನು ನಾಲ್ಕು ಕುದುರೆಗಳಿಗೆ ಕಟ್ಟಿ ಸೀಳಿ ಕೊಂದರು. ಅವಳನ್ನು ವರ್ಷಕ್ಕೂ ಮೇಲೆ ಸೆರೆಯಲ್ಲಿಟ್ಟು, 1782ರ ಸೆಪ್ಟೆಂಬರ್ 5ರಂದು ನಗರದ ಚೌಕದಲ್ಲಿ ಗಲ್ಲಿಗೇರಿಸಿದರು. ಜೊತೆಗೆ ನಾದಿನಿ ಗ್ರೆಗೋರಿಯಾ ಅಪಾಸಾಳನ್ನೂ. ಈಕೆಯೂ ಸೊರಾತಾ ಎಂಬ ಊರಿನ ಮುತ್ತಿಗೆಯ ಮುಂದಾಳುಗಳಲ್ಲಿ ಒಬ್ಬಳು. ಅತ್ತಿಗೆ ನಾದಿನಿಯರು ಒಟ್ಟಿಗೆ ಯುದ್ಧ ಮಾಡಿ ಒಂದೇ ದಿನ ಸತ್ತ ಇತಿಹಾಸ ಬೇರೆಲ್ಲಾದರೂ ಇದೆಯೋ ಏನೋ! 1983ರಿಂದ ಸೆಪ್ಟೆಂಬರ್ 5 ಮೂಲನಿವಾಸಿ ಮಹಿಳೆಯರ ಅಂತರರಾಷ್ಟ್ರೀಯ ದಿನ.

ಆ ದಂಗೆಯ ಬೆನ್ನಿಗೇ ಇಂಕಾ ಕಾಲದ ಉಡುಪುಗಳ ಮೇಲೆ ಸ್ಪೇನಿನ ಅಧಿಕಾರಿಗಳು ನಿಷೇಧ ಹಾಕಿದರು. ಸ್ಪೇನಿನ ಹೆಂಗಸರ ಲಂಗ ಇಲ್ಲಿಯವರ ಮೈಮೇಲೆ ಬಂತು. ದುಂಡು ಹ್ಯಾಟಿನದು ಆಮೇಲಿನ ಕಥೆ. ರೈಲು ಕೆಲಸಕ್ಕೆ ಬಂದ ಬ್ರಿಟಿಷರಿಗೆಂದು ತರಿಸಿದ ಹ್ಯಾಟುಗಳು ಅವರ ತಲೆಗೆ ಚಿಕ್ಕವಾದವಂತೆ, ವ್ಯಾಪಾರಿ ಅವನ್ನು ಹೆಂಗಸರಿಗೆ ಮಾರಿಬಿಟ್ಟನಂತೆ. ನಿಜವೋ ಸುಳ್ಳೋ, ಲಾ ಪಾಸಿನಲ್ಲಿ ಎಲ್ಲರೂ ಹೇಳುತ್ತಾರೆ. ಹೇರಿದ ಬಟ್ಟೆಯನ್ನು ಈ ಹೆಂಗಸರು ತಮ್ಮದಾಗಿಸಿಕೊಂಡರು. ಆದರೆ ತಮಾಷೆ ನೋಡಿ, ತಮ್ಮದಾದ ಮೇಲೆ ಅದೇ ಬಟ್ಟೆ ಅವಮಾನದ ಗುರುತಾಯಿತು. ಲಂಗದವಳು ಎಂದರೆ ಮನೆಗೆಲಸದವಳು, ಓದುಬರಹ ಇಲ್ಲದವಳು. 1952ರ ಕ್ರಾಂತಿಯವರೆಗೆ ಅವರಿಗೆ ಮತವೂ ಇರಲಿಲ್ಲ. ಈಚಿನವರೆಗೂ ಕೆಲವು ಹೋಟೆಲುಗಳ ಬಾಗಿಲಲ್ಲೇ ಅವರನ್ನು ತಡೆಯುತ್ತಿದ್ದರು. 'ಚೊಲಿತಾ' ಎಂಬ ಮಾತು ಬೈಗುಳಕ್ಕೆ ಹತ್ತಿರವಿತ್ತು. ಈಗ ಅವರೇ ಅದನ್ನು ಎದೆಯುಬ್ಬಿಸಿ ಹೇಳಿಕೊಳ್ಳುತ್ತಾರೆ.

ವ್ಯಾನು ನಮ್ಮನ್ನು 5,000 ಮೀಟರಿನ ಬಳಿ ಇಳಿಸಿತು. ಬೂದು, ಕೆಂಪು, ಹಳದಿ ಕಲ್ಲಿನ ಬೋಳು ಬೆಟ್ಟ; ಹುಲ್ಲು ಕೂಡ ಅಪರೂಪ. ನಡೆಯಲು ಶುರುಮಾಡಿದಾಗ ಗೊತ್ತಾಯಿತು, ಅಲ್ಲಿ ಗಾಳಿ ಎಷ್ಟು ತೆಳು ಎಂದು. ಒಂದು ಉಸಿರಿಗೆ ಸಿಗುವ ಆಮ್ಲಜನಕ ಕಡಲತೀರದಲ್ಲಿ ಸಿಗುವುದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೆ. ಹತ್ತು ಹೆಜ್ಜೆ, ನಿಲ್ಲು. ಮತ್ತೆ ಹತ್ತು ಹೆಜ್ಜೆ. ಎದೆ ಒನಕೆ ಕುಟ್ಟಿದ ಹಾಗೆ ಕುಟ್ಟುತ್ತಿತ್ತು. ಆಕೆ ಹೊರಡುವ ಮುಂಚೆ ಪುಟ್ಟ ಸೀಸೆಯಿಂದ ನಾಲ್ಕು ಹನಿ ನೆಲಕ್ಕೆ ಚೆಲ್ಲಿ ಭೂಮಿತಾಯಿ ಪಾಚಮಾಮಾಳನ್ನು ನೆನೆದರು. ಆಮೇಲೆ ಮುಂದೆ ಮುಂದೆ, ಬಸುರಿ ನಡೆದಂತೆ ನಿಧಾನ, ಎಲ್ಲೂ ನಿಲ್ಲದೆ ನಡೆದರು. ವೇಗ ಹೆಚ್ಚಿಸಬಾರದು, ಮಾತಾಡಬಾರದು, ಮುಂದಿನವರ ಹಿಮ್ಮಡಿ ನೋಡಿಕೊಂಡು ಕಾಲಿಡಬೇಕು. ನಾನು ಮುಕ್ಕಾಲು ಬೆಟ್ಟವನ್ನು ಆ ಲಂಗದ ಅಂಚು ನೋಡಿಕೊಂಡೇ ಹತ್ತಿದೆ.

ನಿಂತಾಗ ಅಕ್ಕಪಕ್ಕದ ಶಿಖರಗಳ ಹೆಸರು ಹೇಳುತ್ತಿದ್ದರು. ಬೆಳ್ಳಗೆ ಹೊಳೆಯುವ ವಾಯ್ನಾ ಪೊತೊಸಿ, 6,088 ಮೀಟರ್. ಅದರ ಬುಡದ ಬಿಡಾರದಲ್ಲಿ ಆಕೆ ಹದಿನೈದು ವರ್ಷ ಅಡುಗೆ ಮಾಡಿದ್ದರಂತೆ. ಅಲ್ಲಿಗೆ ಮೂಟೆ ಹೊತ್ತು ಹೋಗುವುದು, ರಾತ್ರಿ ಹನ್ನೆರಡಕ್ಕೆ ಎದ್ದು ಸೂಪು ಕಾಯಿಸಿ ಪರದೇಶದ ಗಿರಾಕಿಗಳನ್ನು ಕಳಿಸಿಕೊಡುವುದು, ಅವರು ವಾಪಸು ಬರುವ ಹೊತ್ತಿಗೆ ಪಾತ್ರೆ ತೊಳೆದಿಡುವುದು. ಗಂಡಸರು ಮಾರ್ಗದರ್ಶಿಗಳು, ಹೆಂಗಸರು ಅಡುಗೆಯವರು. ನನಗೆ ಮೊದಲು ಬಂದ ಪ್ರಶ್ನೆ, ಅಷ್ಟೆತ್ತರದಲ್ಲಿ ಬೇಳೆ ಬೇಯುತ್ತದೆಯೇ? ಮಗಳು ತಲೆ ಚಚ್ಚಿಕೊಂಡಳು, ಆಕೆ ಮಾತ್ರ ಖುಷಿಯಾಗಿ ಉತ್ತರ ಕೊಟ್ಟರು. 4,700 ಮೀಟರಿನಲ್ಲಿ ನೀರು 85 ಡಿಗ್ರಿ ಮುಟ್ಟುವ ಮೊದಲೇ ಕುದಿಯುತ್ತದೆ. ಎಷ್ಟು ಕುದಿಸಿದರೂ ಕಾಳು ಕಲ್ಲಿನಂತೆಯೇ ಇರುತ್ತದೆ. ಕುಕ್ಕರ್ ಇಲ್ಲದೆ ಆಗುವುದಿಲ್ಲ. ಇಲ್ಲವೇ 'ಚುನ್ಯೋ'. ಜೂನ್ ತಿಂಗಳ ಕೊರೆವ ರಾತ್ರಿಗಳಲ್ಲಿ ಆಲೂಗಡ್ಡೆಯನ್ನು ಬಯಲಲ್ಲಿ ಹರಡಿ ಹಿಮಕ್ಕೆ ಗಟ್ಟಿಯಾಗಿಸಿ, ಹಗಲು ಬಿಸಿಲಿಗೆ ಸಡಿಲಾದಾಗ ಕಾಲಲ್ಲಿ ತುಳಿದು ನೀರು ಹಿಂಡಿ, ಒಣಗಿಸಿ ಇಡುತ್ತಾರೆ. ವರ್ಷಗಟ್ಟಲೆ ಕೆಡುವುದಿಲ್ಲ. ಇಂಕಾಗಳಿಗೂ ಹಿಂದಿನ ವಿದ್ಯೆ ಇದು. ನಾವು ಬಿಸಿಲನ್ನು ನಂಬಿ ಸಂಡಿಗೆ ಇಡುತ್ತೇವೆ, ಅವರು ಚಳಿಯನ್ನೂ ನಂಬುತ್ತಾರೆ. ಆಲೂಗಡ್ಡೆಯೇ ಆ ಬೆಟ್ಟಗಳ ಬೆಳೆ. ಅಲ್ಲಿಂದ ಹೊರಟದ್ದು ನಮ್ಮ ಹಾಸನದ ಹೊಲ ಸೇರಿತು.

"ಅವರು ಮೇಲೆ ಹೋಗಿ ಬಂದು ಅಳುತ್ತಿದ್ದರು, ನಗುತ್ತಿದ್ದರು. ಅಲ್ಲಿ ಅಂಥದ್ದೇನಿದೆ ಅಂತ ನೋಡಬೇಕು ಅನ್ನಿಸುತ್ತಿತ್ತು" ಎಂದರು ಆಕೆ. ಹಾಗೆ ಅನ್ನಿಸಿದ್ದು ಅವರೊಬ್ಬರಿಗೇ ಅಲ್ಲ. 2015ರ ಡಿಸೆಂಬರಿನಲ್ಲಿ ಇಂಥದೇ 11 ಹೆಂಗಸರು, ಅಡುಗೆಯವರು, ಹೊರೆ ಹೊರುವವರು, ಮಾರ್ಗದರ್ಶಿಗಳ ಹೆಂಡಂದಿರು, ಲಂಗ ತೊಟ್ಟೇ ವಾಯ್ನಾ ಪೊತೊಸಿ ಹತ್ತಿದರು. ಹೆಗ್ಗಲಿಗೆ ನೇಯ್ದ ಬಟ್ಟೆಯ ಜೋಳಿಗೆ, ಬೂಟಿಗೆ ಹಿಮಕ್ಕೆ ನಾಟುವ ಮುಳ್ಳು. 2019ರ ಜನವರಿಯಲ್ಲಿ ಅವರ ತಂಡ ಏಷ್ಯಾದ ಹೊರಗಿನ ಅತಿ ಎತ್ತರದ ಶಿಖರ ಅಕಾಂಕಾಗುವಾ ಮುಟ್ಟಿತು. ಈಗ ಕೆಲವರು ಪ್ರವಾಸಿಗರನ್ನು ಕರೆದೊಯ್ಯುವ ಕಸುಬನ್ನೇ ಹಿಡಿದಿದ್ದಾರೆ.

ಇಲ್ಲಿ ನನಗೆ ಆನಿ ಪೆಕ್ ನೆನಪಾದಳು. ಅಮೆರಿಕದ ಈ ಮೇಡಂ 1895ರಲ್ಲಿ ಆಲ್ಪ್ಸ್‌ನ ಮ್ಯಾಟರ್‌ಹಾರ್ನ್ ಹತ್ತಿದಾಗ, ಹತ್ತಿದ್ದಕ್ಕಿಂತ ಅವಳು ಷರಾಯಿ ತೊಟ್ಟಿದ್ದೇ ಪತ್ರಿಕೆಗಳಿಗೆ ದೊಡ್ಡ ಸುದ್ದಿಯಾಯಿತು. 1908ರಲ್ಲಿ, 57ನೆಯ ವಯಸ್ಸಿನಲ್ಲಿ, ಪೆರುವಿನ ವಾಸ್ಕರಾನ್ ಬೆಟ್ಟದ ಉತ್ತರ ಶಿಖರ ಮುಟ್ಟಿದಳು. 1911ರಲ್ಲಿ ಕೊರೊಪುನಾ ಬೆಟ್ಟದ ಮೇಲೆ ಹೆಂಗಸರಿಗೆ ಮತ ಕೊಡಿ ಎಂಬ ಪತಾಕೆ ಹಾರಿಸಿದಳು. ಅವಳು ಷರಾಯಿ ತೊಟ್ಟದ್ದು ತಪ್ಪಾಯಿತು. ನೂರಿಪ್ಪತ್ತು ವರ್ಷದ ಮೇಲೆ ಇವರು ಲಂಗ ತೊಟ್ಟದ್ದು ಸುದ್ದಿಯಾಯಿತು. ಹೆಂಗಸು ಬೆಟ್ಟ ಹತ್ತಿದರೂ ಜನ ನೋಡುವುದು ಬಟ್ಟೆಯನ್ನೇ.

ನೆತ್ತಿಗೆ ಸ್ವಲ್ಪ ಕೆಳಗೆ ಪಾಳುಬಿದ್ದಂತಿರುವ ಒಂದು ಕಟ್ಟಡ. ಇಲ್ಲಿ 1930ರ ದಶಕದ ಕೊನೆಗೆ ಸ್ಕೀಯಿಂಗ್ ಆಟ ಶುರುವಾಯಿತು. ಕಾರಿನ ಎಂಜಿನ್‌ಗೆ ಹಗ್ಗ ಕಟ್ಟಿ, ಆ ಹಗ್ಗ ಹಿಡಿದವರನ್ನು ಇಳಿಜಾರಿನ ಮೇಲಕ್ಕೆ ಎಳೆಯುತ್ತಿದ್ದರು. ಜಗತ್ತಿನ ಅತಿ ಎತ್ತರದ ಸ್ಕೀಯಿಂಗ್ ತಾಣವೆಂದು ಹೆಸರು. ಆಡುತ್ತಿದ್ದವರು ಬಹುಪಾಲು ಬಾಣಲೆಯ ತಳದವರು. ಈಗ ಅಲ್ಲಿ ಕಲ್ಲಿನ ಇಳಿಜಾರು ಮಾತ್ರ. ಸುಮಾರು 18,000 ವರ್ಷಗಳ ಹಿಮನದಿ 2009ರಲ್ಲಿ ಪೂರ್ತಿ ಕರಗಿಹೋಯಿತು. ಆಟ ಹೋದರೆ ಹೋಗಲಿ. ಇಂಥ ಬೆಟ್ಟಗಳ ಹಿಮವೇ ಎಲ್ ಆಲ್ಟೊ, ಲಾ ಪಾಸ್‌ಗಳಿಗೆ ನೀರಿನ ಒಂದು ಆಸರೆ. 2016ರ ನವೆಂಬರಿನಲ್ಲಿ ಬರ ಬಂದು ಜಲಾಶಯ ಬತ್ತಿದಾಗ ಸರಕಾರ ತುರ್ತು ಪರಿಸ್ಥಿತಿ ಘೋಷಿಸಬೇಕಾಯಿತು. ಬಕೆಟ್ಟು, ಡ್ರಮ್ಮು ಹಿಡಿದು ಟ್ಯಾಂಕರಿನ ಮುಂದೆ ಸಾಲು ನಿಂತವರು ಯಾರೆಂದು ನಿಮಗೆ ನಾನು ಹೇಳಬೇಕಿಲ್ಲ.

ಇನ್ನೊಂದು ಕಟ್ಟಡ ಜೀವಂತವಾಗಿದೆ. ಅದು ವಿಶ್ವಕಿರಣಗಳ ಪ್ರಯೋಗಾಲಯ. ಆಕಾಶದಿಂದ ಸದಾ ಸುರಿಯುವ ಕಿರಣಗಳನ್ನು ಹಿಡಿಯಲು ಗಾಳಿ ತೆಳುವಾದ ಎತ್ತರವೇ ಬೇಕು. 1947ರಲ್ಲಿ ಬ್ರೆಜಿಲಿನ 22 ವರ್ಷದ ಸೆಸಾರ್ ಲಾತೆಸ್ ಎಂಬ ಯುವಕ ವಿಶೇಷ ಛಾಯಾಚಿತ್ರ ಫಲಕಗಳನ್ನು ಈ ಬೆಟ್ಟಕ್ಕೆ ತಂದಿಟ್ಟ. ಅವುಗಳ ಮೇಲೆ ಮೂಡಿದ ಗೆರೆಗಳಿಂದ ಪೈ ಮೆಸಾನ್ ಎಂಬ ಕಣ ಇರುವುದು ಖಚಿತವಾಯಿತು. 1950ರ ನೊಬೆಲ್ ಬಹುಮಾನ ಆ ಗುಂಪಿನ ಹಿರಿಯ, ಇಂಗ್ಲೆಂಡಿನ ಸೆಸಿಲ್ ಪೊವೆಲ್‌ಗೆ ಬಂತು. ಲಾತೆಸ್‌ಗೆ ಬರಲಿಲ್ಲವೆಂಬ ಕೊರಗು ದಕ್ಷಿಣ ಅಮೆರಿಕದವರಿಗೆ ಈಗಲೂ ಇದೆ. ನಮ್ಮ ಮಾರ್ಗದರ್ಶಿ ಅದನ್ನು ತಮ್ಮ ಮನೆಯ ಹುಡುಗನಿಗೇ ಅನ್ಯಾಯವಾದಂತೆ ಹೇಳಿದರು.

ಉಸಿರು ಸಿಗದಿದ್ದರೂ ನಾನು ಸುಮ್ಮನಿರಲಿಲ್ಲ. ಇದೇ ಉಪಾಯವನ್ನು ಅದಕ್ಕೂ ಮುಂಚೆ ನಮ್ಮ ಹಿಮಾಲಯದಲ್ಲಿ ಮಾಡಿದ ಹೆಂಗಸೊಬ್ಬಳಿದ್ದಾಳೆ ಎಂದೆ. ಕಲಕತ್ತೆಯ ಬಿಭಾ ಚೌಧುರಿ, ಹುಟ್ಟಿದ್ದು 1913ರಲ್ಲಿ. ಗುರು ಡಿ. ಎಂ. ಬೋಸರ ಜೊತೆ ಸೇರಿ ಡಾರ್ಜಿಲಿಂಗ್, ಸಂದಕ್‌ಫುವಿನಂಥ ಎತ್ತರಗಳಲ್ಲಿ ಫಲಕಗಳನ್ನಿಟ್ಟು ಮೆಸಾನ್ ಕಣಗಳ ಗೆರೆ ಹುಡುಕಿದಳು. 1940ರಿಂದ 1942ರ ನಡುವೆ ಅವರ ಲೇಖನಗಳು ಇಂಗ್ಲೆಂಡಿನ 'ನೇಚರ್' ಪತ್ರಿಕೆಯಲ್ಲಿ ಬಂದವು. ಯುದ್ಧಕಾಲ, ಒಳ್ಳೆಯ ಫಲಕಗಳು ಕಲಕತ್ತೆಗೆ ಸಿಗಲಿಲ್ಲ, ಲೆಕ್ಕ ಪಕ್ಕಾ ಆಗಲಿಲ್ಲ. ಕೆಲಸ ಅಲ್ಲಿಗೇ ನಿಂತಿತು. ಅವರಿಬ್ಬರು ಮೊದಲೇ ಈ ದಾರಿ ಹಿಡಿದಿದ್ದರೆಂದು ಪೊವೆಲ್ ತಮ್ಮ ಪುಸ್ತಕದಲ್ಲಿ ಒಪ್ಪಿಕೊಂಡಿದ್ದಾರೆ. ಮುಂದೆ ಆಕೆ ಮುಂಬಯಿಯ ಟಾಟಾ ಸಂಶೋಧನಾ ಸಂಸ್ಥೆ ಸೇರಿದರು. ನಮ್ಮ ಕೋಲಾರದ ಚಿನ್ನದ ಗಣಿಯ ಆಳದಲ್ಲಿ ನಡೆದ ವಿಶ್ವಕಿರಣ ಪ್ರಯೋಗಗಳಲ್ಲೂ ಕೈಜೋಡಿಸಿದರು. 1991ರಲ್ಲಿ ತೀರಿಕೊಂಡಾಗ ಆ ಹೆಸರು ಹೆಚ್ಚಿನವರಿಗೆ ಗೊತ್ತಿರಲಿಲ್ಲ. 2019ರಲ್ಲಿ ಒಂದು ನಕ್ಷತ್ರಕ್ಕೆ 'ಬಿಭಾ' ಎಂದು ಹೆಸರಿಟ್ಟರು.

ಇಷ್ಟನ್ನೂ ಒಂದೇ ಉಸಿರಿನಲ್ಲಿ ಹೇಳಲಾಗಲಿಲ್ಲ. ಕೊನೆಯ ಏರು ಹತ್ತಿ, ನೆತ್ತಿಯ ಮೇಲೆ ಕೂತು, ದೂರದಲ್ಲಿ ತಿತಿಕಾಕಾ ಸರೋವರ ನೀಲಿ ಸೆರಗಿನ ಅಂಚಿನಂತೆ ಕಾಣುತ್ತಿದ್ದಾಗ ಹೇಳಿ ಮುಗಿಸಿದೆ. ಆಕೆ ಬಣ್ಣದ ಬಟ್ಟೆ ಹಾಸಿ ಬೇಯಿಸಿದ ಚುನ್ಯೋ, ಗಿಣ್ಣು, ಅವರೆಗಿಂತ ದಪ್ಪನೆಯ ಕಾಳು ಇಟ್ಟರು. ಮಗಳು ಚಪಾತಿ, ಚಟ್ನಿಪುಡಿ ಬಿಚ್ಚಿದಳು. ಎಲ್ಲರೂ ತಂದದ್ದನ್ನು ಒಂದೇ ಬಟ್ಟೆಯ ಮೇಲೆ ಸುರಿದು ತಿನ್ನುವುದು ಅಯ್ಮಾರಾ ಪದ್ಧತಿ.

ಚಟ್ನಿಪುಡಿ ನೆಕ್ಕುತ್ತಾ ಆಕೆ, "ಆ ಹೆಂಗಸಿನ ಹೆಸರು ಇನ್ನೊಂದು ಸಲ ಹೇಳಿ, ಮಾಮಾ. ಪ್ರಯೋಗಾಲಯದ ಹತ್ತಿರ ಜನ ಕೇಳ್ತಾರೆ, ಸೇರಿಸಿ ಹೇಳ್ತೀನಿ" ಎಂದರು.

"ಬಿಭಾ" ಎಂದೆ.

"ಬೀಬಾ?" ಎಂದು ನಕ್ಕರು. ಮಗಳೂ ನಕ್ಕಳು. ಸ್ಪ್ಯಾನಿಷ್‌ನಲ್ಲಿ ಜಯಕಾರ ಹಾಕುವಾಗ ಕೂಗುವ 'ವಿವಾ' ಎಂಬ ಮಾತು ಅವರ ಬಾಯಲ್ಲಿ ಬೀಬಾ ಎಂದೇ ಬರುತ್ತದಂತೆ. ಆ ಹೆಸರನ್ನು ಮರೆಯುವುದಿಲ್ಲ ಎಂದು ಹೇಳಿ, ಬಟ್ಟೆ ಕೊಡವಿ ಹೆಗಲಿಗೆ ಕಟ್ಟಿಕೊಂಡು, ಇಳಿಯುವಾಗ ಮಂಡಿ ಜೋಪಾನ ಎಂದು ನನಗೆ ತಮ್ಮ ಕೋಲು ಕೊಟ್ಟರು.