ಬಾಣಲೆಯಲ್ಲಿ ಹೊತ್ತಿದ ಬೆಳಕು

ಹೊಸದಾಗಿ ಎಕ್ಸ್‌ಟರ್ನಲ್ ಫ್ಲ್ಯಾಶ್ ಕೊಂಡವರೆಲ್ಲ ಮಾಡುವ ತಪ್ಪನ್ನೇ ನಾನೂ ಮಾಡಿದ್ದೆ. ಒಲೆಯ ಹೊಗೆಯ ಬಗ್ಗೆ ವರದಿ ಮಾಡಲು ಹೋಗಿ, ಕಿಟಕಿಯೇ ಇಲ್ಲದ ಅಡುಗೆಮನೆಯಲ್ಲಿ ಕೂತಿದ್ದ ಅಜ್ಜಿಯ ಮುಖಕ್ಕೆ ನೇರವಾಗಿ ಫ್ಲ್ಯಾಶ್ ಹೊಡೆದೆ. ‘ಸಿಡ್ಲು ಬಡಿದಂಗಾತಲ್ಲೋ ತಮ್ಮಾ’ ಎಂದು ಅವರು ಕಣ್ಣು ಮುಚ್ಚಿಕೊಂಡರು. ಚಿತ್ರದಲ್ಲಿ ಮುಖ ಸುಣ್ಣ ಬಳಿದಂತಿತ್ತು, ಹಿಂದಿನ ಗೋಡೆ ಕಾಣಲೇ ಇಲ್ಲ. ಅದೇ ವಾರ ಜೇಕಬ್ ರೀಸ್ ಬಗ್ಗೆ ಓದುತ್ತಿದ್ದೆ. ನನ್ನದು ಹಳೆಯ ತಪ್ಪು, ಅದಕ್ಕೆ ನೂರಮೂವತ್ತು ವರ್ಷಕ್ಕೂ ಮೀರಿದ ಇತಿಹಾಸವಿದೆ ಎಂದು ಆಗ ತಿಳಿಯಿತು.

ಕತ್ತಲಲ್ಲಿ ಚಿತ್ರ ತೆಗೆಯುವ ಆಸೆ ರೀಸ್‌ಗಿಂತ ಹಳೆಯದು. 1860ರ ದಶಕದಲ್ಲೇ ಮೆಗ್ನೀಸಿಯಂ ತಂತಿ ಉರಿಸಿ ಗಣಿಯೊಳಗೆ, ಈಜಿಪ್ಟಿನ ಪಿರಮಿಡ್ಡಿನೊಳಗೆ ಫೋಟೋ ತೆಗೆದಿದ್ದರು. ಆದರೆ ತಂತಿ ನಿಧಾನಕ್ಕೆ ಉರಿಯುತ್ತದೆ. ಪಿರಮಿಡ್ಡು ಅಲುಗಾಡುವುದಿಲ್ಲ, ಮನುಷ್ಯ ಅಲುಗಾಡುತ್ತಾನೆ. 1887ರಲ್ಲಿ ಜರ್ಮನಿಯ ಅಡಾಲ್ಫ್ ಮೀಥೆ ಮತ್ತು ಯೋಹಾನೆಸ್ ಗೇಡಿಕೆ ಮೆಗ್ನೀಸಿಯಂ ಪುಡಿಗೆ ಪೊಟ್ಯಾಸಿಯಂ ಕ್ಲೋರೇಟ್ ಮತ್ತು ಆಂಟಿಮನಿ ಸಲ್ಫೈಡ್ ಬೆರೆಸಿದರು. ಕಿಡಿ ತಾಗಿದರೆ ಸಾಕು, ಪುಡಿಯೆಲ್ಲ ಒಮ್ಮೆಲೇ ಭಗ್ಗೆನ್ನುತ್ತಿತ್ತು. ನಮ್ಮ ಪಟಾಕಿ ಮದ್ದಿನ ತಮ್ಮನೇ ಅನ್ನಿ.

ಆ ಸುದ್ದಿ ನ್ಯೂಯಾರ್ಕಿನ ಪತ್ರಿಕೆಯಲ್ಲಿ ನಾಲ್ಕು ಸಾಲಾಗಿ ಬಂದಾಗ ಅದನ್ನು ಓದಿ ಕುಣಿದಾಡುವಂತಾದವರು ರೀಸ್. ಡೆನ್ಮಾರ್ಕಿನಿಂದ 1870ರಲ್ಲಿ ವಲಸೆ ಬಂದು, ಕೆಲಸ ಸಿಗದೆ ಪೊಲೀಸರ ನಿರಾಶ್ರಿತರ ಕೊಠಡಿಯಲ್ಲಿ ಮಲಗಿದ್ದವರು. ಆಮೇಲೆ ಮಲ್ಬೆರಿ ಬೀದಿಯಲ್ಲಿ ಕ್ರೈಂ ವರದಿಗಾರ. ವಠಾರಗಳ ಕತ್ತಲು ಕೋಣೆಗಳ ಬಗ್ಗೆ ಎಷ್ಟು ಬರೆದರೂ ಯಾರೂ ಕದಲುತ್ತಿರಲಿಲ್ಲ. ಫೋಟೋ ಇದ್ದರೆ ನಂಬುತ್ತಾರೆ ಎಂಬುದು ಅವರ ಲೆಕ್ಕ.

ಮೊದಮೊದಲು ಮದ್ದನ್ನು ಪಿಸ್ತೂಲಿನಂಥ ಸಾಧನದಲ್ಲಿ ಸಿಡಿಸುತ್ತಿದ್ದರು. ನಡುರಾತ್ರಿ ಅಪರಿಚಿತ ಗಂಡಸರು ಪಿಸ್ತೂಲು ಹಿಡಿದು ಮನೆಗೆ ನುಗ್ಗಿದರೆ ಏನಾಗಬೇಕು? ಜನ ಕಿಟಕಿ ಹಾರಿ ಓಡುತ್ತಿದ್ದರು. ಹಾಗಾಗಿ ರೀಸ್ ಪಿಸ್ತೂಲು ಬಿಟ್ಟು ಬಾಣಲೆ ಹಿಡಿದರು. ಅದರಲ್ಲಿ ಮದ್ದು ಸುರಿದು ಹೊತ್ತಿಸುವುದು ಹೆಚ್ಚು ‘ಮನೆಯ’ ವಸ್ತುವಿನಂತೆ ಕಾಣುತ್ತದೆಂದು ಅವರೇ ಬರೆದುಕೊಂಡಿದ್ದಾರೆ. ಆ ಸಮಾಧಾನ ಮನೆಯವರಿಗೆ ಇತ್ತೋ ಇಲ್ಲವೋ! ಎರಡು ಸಲ ಮನೆಗೆ ಬೆಂಕಿ ಹತ್ತಿಸಿದರು, ಒಂದು ಸಲ ತಮಗೇ. ಕಣ್ಣು ಉಳಿದದ್ದು ಕನ್ನಡಕದಿಂದ. ಒಮ್ಮೆ ಐವರು ಕುರುಡರಿದ್ದ ಅಟ್ಟದ ಕೋಣೆಯಲ್ಲಿ ಗೋಡೆಯ ಚಿಂದಿಗೆ ಕಿಡಿ ಹಾರಿತು. ಹೇಗೋ ಆರಿಸಿ, ಕೆಳಗೆ ಬಂದು ಪೊಲೀಸನಿಗೆ ಹೇಳಿದರೆ ಅವನು ನಕ್ಕನಂತೆ. ಆ ಮನೆಯಲ್ಲಿ ಬೆಂಕಿಯೂ ಹತ್ತದಷ್ಟು ಕೊಳೆ ಮೆತ್ತಿದೆ ಎಂಬುದು ಅವನ ಮಾತಿನ ಸಾರ.

ಬೇಯಾರ್ಡ್ ಬೀದಿಯ ಒಂದು ಕೋಣೆಯ ಚಿತ್ರ ಇಂದಿಗೂ ಪ್ರಸಿದ್ಧ. ಹದಿಮೂರು ಅಡಿಯೂ ಇಲ್ಲದ ಜಾಗದಲ್ಲಿ ಹನ್ನೆರಡು ಮಂದಿ, ತಲೆಗೆ ಐದು ಸೆಂಟು ಬಾಡಿಗೆ. ನಿದ್ದೆಗಣ್ಣಿನ ಮುಖಗಳು ಬೆಳಕಿಗೆ ತಬ್ಬಿಬ್ಬಾಗಿವೆ. 1890ರಲ್ಲಿ ‘ಹೌ ದಿ ಅದರ್ ಹಾಫ್ ಲಿವ್ಸ್’ ಪುಸ್ತಕ ಬಂತು. ಓದಿದ ಥಿಯೋಡರ್ ರೂಸ್‌ವೆಲ್ಟ್ ಸಹಾಯ ಮಾಡಲು ಬಂದಿದ್ದೇನೆಂದು ಚೀಟಿ ಬರೆದಿಟ್ಟು ಹೋದರು. ಅವರು ಪೊಲೀಸ್ ಕಮಿಷನರ್ ಆದ ಮೇಲೆ, ರೀಸ್ ಒಮ್ಮೆ ಮಲಗಿದ್ದಂಥ ಠಾಣೆಯ ಕೊಠಡಿಗಳು ಮುಚ್ಚಿದವು. ಮಲ್ಬೆರಿ ಬೆಂಡಿನ ವಠಾರಗಳು ಉರುಳಿ ಅಲ್ಲಿ ಉದ್ಯಾನ ಬಂತು. ಫಲ ಸಿಕ್ಕಿತು, ನಿಜ. ಆದರೆ ಅದೇ ಪುಸ್ತಕದಲ್ಲಿ ಚೀನಿಯರು, ಇಟಾಲಿಯನ್ನರು, ಯಹೂದಿಗಳ ಬಗ್ಗೆ ರೀಸ್ ಬರೆದ ಕೀಳು ಮಾತುಗಳನ್ನು ಓದುವಾಗ, ಮಲಗಿದ್ದವರನ್ನು ಕೇಳದೆ ಎಬ್ಬಿಸಿದ ಆ ಬೆಳಕೂ ಅದೇ ಮನಸ್ಸಿನಿಂದ ಬಂದದ್ದೇ ಅನಿಸುತ್ತದೆ.

ಮದ್ದಿನ ಹೊಗೆ, ಬೆಂಕಿಯ ಕಾಟ ತಪ್ಪಿದ್ದು 1929ರಲ್ಲಿ ಜರ್ಮನಿಯಲ್ಲಿ ಫ್ಲ್ಯಾಶ್ ಬಲ್ಬ್ ಮಾರುಕಟ್ಟೆಗೆ ಬಂದ ಮೇಲೆ. ಆಮ್ಲಜನಕ ತುಂಬಿದ ಗಾಜಿನ ಬುರುಡೆಯೊಳಗೆ ಲೋಹದ ತೆಳುಹಾಳೆ ಉರಿಯುತ್ತಿತ್ತು. ಒಂದು ಬಲ್ಬಿಗೆ ಒಂದೇ ಚಿತ್ರ.

ಈ ಬಲ್ಬನ್ನು ಹಳ್ಳಿಮನೆಗಳಿಗೆ ಒಯ್ದವರಲ್ಲಿ ನನಗೆ ಹತ್ತಿರದವರು ರಸೆಲ್ ಲೀ. ಓದಿದ್ದು ಕೆಮಿಕಲ್ ಎಂಜಿನಿಯರಿಂಗ್, ಸೇರಿದ್ದು ಅಮೆರಿಕದ ಕೃಷಿ ಸಂಕಷ್ಟವನ್ನು ದಾಖಲಿಸುತ್ತಿದ್ದ ಸರ್ಕಾರಿ ತಂಡ. 1940ರಲ್ಲಿ ನ್ಯೂ ಮೆಕ್ಸಿಕೋದ ಪೈ ಟೌನ್‌ಗೆ ಹೋದರು. ಟೆಕ್ಸಾಸ್, ಒಕ್ಲಹೋಮ ಕಡೆಯಿಂದ ಗುಳೆ ಬಂದು, ಅರ್ಧ ನೆಲದೊಳಗೆ ತೋಡಿದ ಮನೆಗಳಲ್ಲಿದ್ದು ಹುರುಳಿಕಾಯಿ ಜಾತಿಯ ಕಾಳು ಬೆಳೆಯುತ್ತಿದ್ದ ರೈತರ ಊರು ಅದು. ಲೀ ಮನೆಯವರು ಎಚ್ಚರವಿದ್ದಾಗ, ಮಾತಾಡುತ್ತ ತೆಗೆದರು. ಪತ್ನಿ ಜೀನ್ ವಿವರ ಬರೆದುಕೊಳ್ಳುತ್ತಿದ್ದರು. ಕ್ಯಾಮೆರಾ ಪಕ್ಕದಿಂದಲೇ ಬಂದ ಆ ಬೆಳಕು ಒರಟು ಎಂದು ಕಲಾಪ್ರಿಯರು ಮೂಗು ಮುರಿಯಬಹುದು. ನನಗೆ ಅದರಲ್ಲಿ ಕಾಣುವುದು ಗೋಡೆಗೆ ಅಂಟಿಸಿದ ಕಾಗದ, ಶೆಲ್ಫಿನ ಡಬ್ಬಿ, ಹೊಲಿದ ಕೌದಿ, ಅಂದರೆ ಆ ಮನೆಯ ಹೆಂಗಸರ ದುಡಿಮೆ.

ಇದರ ಹಿಂದಿನ ಲೆಕ್ಕ ಅಂದಿಗೂ ಇಂದಿಗೂ ಒಂದೇ. ದೂರ ಎರಡರಷ್ಟಾದರೆ ತಲುಪುವ ಬೆಳಕು ನಾಲ್ಕನೇ ಒಂದು ಭಾಗ. ಮೂರಡಿಯಲ್ಲಿರುವ ಮುಖ ಬಿಳುಚುತ್ತದೆ, ಒಂಬತ್ತಡಿಯ ಗೋಡೆಗೆ ಒಂಬತ್ತನೇ ಒಂದು ಪಾಲಷ್ಟೇ ಸಿಗುತ್ತದೆ. ಫ್ಲ್ಯಾಶನ್ನು ಮೇಲಕ್ಕೆ ತಿರುಗಿಸಿ ಬೌನ್ಸ್ ಮಾಡಿ ಅನ್ನುತ್ತಾರೆ. ಅದು ಬಿಳಿ ಆರ್‌ಸಿಸಿ ಚಾವಣಿಯ ಪಾಠ. ಮಸಿ ಹಿಡಿದ ಜಂತಿ ಬೆಳಕನ್ನು ನುಂಗಿ ಕೂರುತ್ತದೆ. ನಡುಹಗಲಿನ ಹೊಲದಲ್ಲಿ ಇದು ತಿರುವುಮುರುವು: ಸೂರ್ಯನಿದ್ದರೂ ರುಮಾಲಿನ ನೆರಳಲ್ಲಿ ಕಣ್ಣು ಕಪ್ಪಾಗುತ್ತದೆ, ಅಲ್ಲಿ ಚಿಟಿಕೆಯಷ್ಟು ಫ್ಲ್ಯಾಶ್ ಬೇಕು.

ಮುಂದಿನ ವಾರ ಅಜ್ಜಿಯ ಮನೆಗೆ ಮತ್ತೆ ಹೋದೆ. ಏನು ಮಾಡುತ್ತೇನೆಂದು ಮೊದಲೇ ಹೇಳಿ, ಅವರ ಮೊಮ್ಮಗನ ಕೈಗೆ ಬಿಳಿ ಪಂಚೆ ಹಿಡಿಸಿ, ಫ್ಲ್ಯಾಶನ್ನು ಅದರತ್ತ ತಿರುಗಿಸಿದೆ. ಮುಖವೂ ಬಂತು, ಗೋಡೆಯೂ ಬಂತು. ಕ್ಯಾಮೆರಾದ ಪರದೆಯಲ್ಲಿ ಅಜ್ಜಿ ಮುಖವನ್ನು ನೋಡಲಿಲ್ಲ. ಹಿಂದಿನ ಗೋಡೆಯನ್ನೇ ನೋಡುತ್ತಾ, ‘ಇಷ್ಟೊಂದು ಮಸಿ ಐತೇನು ನಮ್ಮನ್ಯಾಗ? ಇದನ್ನ ಪೇಪರಿಗೆ ಹಾಕಬ್ಯಾಡ. ದೀಪಾವಳಿಗೆ ಸುಣ್ಣ ಹಚ್ಚತೀವಿ, ಆವಾಗ ಬಾ’ ಅಂದರು. ವರದಿ ಇದ್ದದ್ದೇ ಆ ಮಸಿಯ ಬಗ್ಗೆ. ಚಿತ್ರವಿಲ್ಲದೆ ಕಳಿಸಿದೆ.