ಅಂತರ್ಜಾಲದ ಮೂಲಕ ಚಿತ್ರ, ಶಿಲ್ಪಗಳನ್ನು ಮಾಡಿಸುವವರ ಗಮನಕ್ಕೆ: ಕಲಾವಿದರ ಹೆಸರಿನಲ್ಲಿ ನಡೆಯುವ ವಂಚನೆ ಮತ್ತು ಮುನ್ನೆಚ್ಚರಿಕೆ ಕ್ರಮಗಳು

ಮನೆಯ ಹಿರಿಯರ ಭಾವಚಿತ್ರ, ದೇವಸ್ಥಾನದ ಮೂರ್ತಿ, ರಥದ ಕೆತ್ತನೆ, ಶಾಲೆಯ ಅಂಗಳದ ಪುತ್ಥಳಿ ಮುಂತಾದವುಗಳನ್ನು ಅಂತರ್ಜಾಲದ ಮೂಲಕ ಮಾಡಿಸಿಕೊಳ್ಳುವ ರೂಢಿಯು ದೊಡ್ಡ ನಗರಗಳಿಗಷ್ಟೇ ಸೀಮಿತವಾಗಿ ಉಳಿದಿಲ್ಲ. ದಾವಣಗೆರೆ, ಹರಿಹರ ನಗರಗಳ ನಿವಾಸಿಗಳೂ, ಮಲೆಬೆನ್ನೂರು ಸಮೀಪದ ಕೊಕ್ಕನೂರಿನಂತಹ ಗ್ರಾಮಗಳ ನಿವಾಸಿಗಳೂ ಕಲಾವಿದರನ್ನು ಮೊಬೈಲ್ ಫೋನಿನಲ್ಲಿಯೇ ಹುಡುಕಿ, ಅದರಲ್ಲಿಯೇ ಮುಂಗಡವನ್ನೂ ಪಾವತಿಸಬಹುದಾಗಿದೆ. ಈ ಅನುಕೂಲವನ್ನೇ ದುರುಪಯೋಗಪಡಿಸಿಕೊಂಡು, ಬೇರೊಬ್ಬ ಕಲಾವಿದರ ಹೆಸರು ಹಾಗೂ ಕೃತಿಗಳನ್ನು ತಮ್ಮದೆಂದು ತೋರಿಸಿ, ಹಣ ಪಡೆದು ಕಣ್ಮರೆಯಾಗುವವರ ಬಗ್ಗೆ ಸಾರ್ವಜನಿಕರು ಎಚ್ಚರ ವಹಿಸುವುದು ಅಗತ್ಯ. ಇದಕ್ಕೆ ಸಂಬಂಧಿಸಿದ ಮಾಹಿತಿಯನ್ನು ಈ ಪುಟದಲ್ಲಿ ನೀಡಲಾಗಿದೆ.

ವಂಚನೆ ನಡೆಯುವ ಬಗೆ

ಉದಾಹರಣೆಗಾಗಿ, ಒಂದು ಗ್ರಾಮದ ದೇವಸ್ಥಾನ ಸಮಿತಿಯು ಮನೆಮನೆಯಿಂದ ವಂತಿಗೆ ಸಂಗ್ರಹಿಸಿ ಹೊಸ ಶಿಲಾಮೂರ್ತಿಯನ್ನು ಮಾಡಿಸಲು ತೀರ್ಮಾನಿಸಿದೆ ಎಂದು ಇಟ್ಟುಕೊಳ್ಳಬಹುದು. ಸಮಿತಿಯ ಯುವಕರೊಬ್ಬರು ಸಾಮಾಜಿಕ ಜಾಲತಾಣದಲ್ಲಿ ಹೆಸರಾಂತ ಶಿಲ್ಪಿಯ ಹೆಸರಿನ ಖಾತೆಯೊಂದನ್ನು ಕಾಣುತ್ತಾರೆ. ಖಾತೆಯಲ್ಲಿ ನೂರಾರು ಮೂರ್ತಿಗಳ ಛಾಯಾಚಿತ್ರಗಳಿವೆ. ಸಂದೇಶ ಕಳುಹಿಸಿದ ಅಲ್ಪ ಸಮಯದಲ್ಲಿಯೇ ವಿನಯಪೂರ್ವಕ ಉತ್ತರವೂ, ದರಪಟ್ಟಿಯೂ ಬರುತ್ತವೆ. ಕಲ್ಲನ್ನು ಇಂದೇ ಕಾಯ್ದಿರಿಸದಿದ್ದರೆ ಬೇರೆಯವರ ಪಾಲಾಗುವುದೆಂದು ತಿಳಿಸಿ ಅರ್ಧದಷ್ಟು ಮುಂಗಡವನ್ನು ಕೇಳಲಾಗುತ್ತದೆ. ಹಣ ಸಂದಾಯವಾದ ನಂತರ ಅರ್ಧ ಕೆತ್ತಿದ ಮೂರ್ತಿಯ ಚಿತ್ರಗಳು ಒಂದೊಂದಾಗಿ ಬರುತ್ತವೆ. ತರುವಾಯ ಸಾಗಣೆ ವೆಚ್ಚ, ವಿಮೆ, ತೆರಿಗೆ ಎಂಬ ಹೆಸರಿನಲ್ಲಿ ಮತ್ತಷ್ಟು ಹಣ ಹೋಗುತ್ತದೆ. ಪ್ರತಿಷ್ಠಾಪನೆಯ ದಿನ ಹತ್ತಿರವಾದಾಗ ದೂರವಾಣಿ ಸ್ಥಗಿತಗೊಂಡಿರುತ್ತದೆ.

ಇಂತಹ ಪ್ರಕರಣದಲ್ಲಿ ನಷ್ಟವು ಹಣದ ಲೆಕ್ಕದಲ್ಲಿ ಮುಗಿಯುವುದಿಲ್ಲ. ವ್ಯವಹರಿಸಿದ ಯುವಕನೇ ಹಣ ನುಂಗಿರಬಹುದೆಂಬ ಮಾತು ಊರಿನಲ್ಲಿ ಹುಟ್ಟುತ್ತದೆ. ಅತ್ತ, ಹೆಸರು ಬಳಕೆಯಾದ ನಿಜವಾದ ಶಿಲ್ಪಿಗೆ ವಿಷಯವೇ ತಿಳಿದಿರುವುದಿಲ್ಲ. ಅವರ ಮನೆಬಾಗಿಲಿಗೆ ಜನರು ಜಗಳಕ್ಕೆ ಬಂದಾಗಲೇ ತಿಳಿಯುವುದು.

ಭಾವಚಿತ್ರಗಳ ವಿಷಯದಲ್ಲಿ ಇನ್ನೊಂದು ಅಪಾಯವಿದೆ. ತೀರಿಕೊಂಡ ತಂದೆ ತಾಯಿಯರ ಒಂದೇ ಒಂದು ಹಳೆಯ ಛಾಯಾಚಿತ್ರವು ಮನೆಯಲ್ಲಿ ಉಳಿದಿರುವುದುಂಟು. ಅದರ ಮೂಲ ಪ್ರತಿಯನ್ನು ಕೊರಿಯರ್ ಮೂಲಕ ಅಪರಿಚಿತರಿಗೆ ಕಳುಹಿಸಿದಲ್ಲಿ, ಹಣ ಮರಳಿ ಬಂದರೂ ಆ ಚಿತ್ರ ಬರಲಾರದು. ಸ್ಟುಡಿಯೋದಲ್ಲಿ ಸ್ಕ್ಯಾನ್ ಮಾಡಿಸಿದ ಪ್ರತಿಯನ್ನು ಮಾತ್ರ ಕಳುಹಿಸತಕ್ಕದ್ದು. ನುರಿತ ಚಿತ್ರಕಾರರಿಗೆ ಅಷ್ಟು ಸಾಕಾಗುತ್ತದೆ.

ಕಲಾಕೃತಿಯ ಚಿತ್ರವು ಗುರುತಿನ ಸಾಕ್ಷಿಯಲ್ಲ

ಹೊಯ್ಸಳರ ಕಾಲದ ಶಿಲ್ಪಿಗಳು ತಮ್ಮ ಕೃತಿಗಳ ಕೆಳಗೆ ಹೆಸರನ್ನು ಕೆತ್ತುತ್ತಿದ್ದುದು ಪ್ರಸಿದ್ಧವಾಗಿದೆ. ಸೋಮನಾಥಪುರದಲ್ಲಿ ಮಲ್ಲಿತಮ್ಮನ ಹೆಸರನ್ನು ಇಂದಿಗೂ ಓದಬಹುದು. ಕಲ್ಲಿನ ಹೆಸರನ್ನು ಅಳಿಸುವುದು ಕಷ್ಟ. ಛಾಯಾಚಿತ್ರದ ಮೂಲೆಯಲ್ಲಿರುವ ಸಹಿಯನ್ನು ಅಳಿಸಿ ಮತ್ತೊಂದನ್ನು ಹಾಕಲು ಈಗ ನಿಮಿಷವೂ ಬೇಡ. 2024ರ ಜನವರಿ 22ರಂದು ಅಯೋಧ್ಯೆಯಲ್ಲಿ ಪ್ರತಿಷ್ಠಾಪನೆಗೊಂಡ ಬಾಲರಾಮನ ವಿಗ್ರಹವನ್ನು ಮೈಸೂರಿನ ಶಿಲ್ಪಿ ಅರುಣ್ ಯೋಗಿರಾಜ್ ಅವರು ಕೆತ್ತಿದ್ದು, ಅದರ ಚಿತ್ರವು ಕೋಟ್ಯಂತರ ಜನರ ಫೋನುಗಳಿಗೆ ತಲುಪಿದೆ. ಯಾವುದೇ ಖಾತೆಯಲ್ಲಿ ಅಂತಹ ಚಿತ್ರವಿದೆ ಎಂದಮಾತ್ರಕ್ಕೆ ಆ ಖಾತೆಯು ಶಿಲ್ಪಿಯದೇ ಎಂದು ಭಾವಿಸಲು ಬರುವುದಿಲ್ಲ.

ಕೆಲಸದ ಹಂತಗಳ ಚಿತ್ರಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಅನೇಕ ಕಲಾವಿದರು ತಮ್ಮ ಕೆಲಸದ ಒಂದೊಂದು ಹಂತವನ್ನೂ ತಮ್ಮ ಖಾತೆಗಳಲ್ಲಿ ಪ್ರಕಟಿಸುತ್ತಾರೆ. ವಂಚಕನು ಅವುಗಳನ್ನು ಅದೇ ಕ್ರಮದಲ್ಲಿ ತೆಗೆದು ಗ್ರಾಹಕರಿಗೆ ರವಾನಿಸಬಹುದು. ಕೃತಕ ಬುದ್ಧಿಮತ್ತೆಯಿಂದ ಇಂತಹ ಚಿತ್ರಗಳನ್ನು ಹೊಸದಾಗಿ ಸೃಷ್ಟಿಸುವುದೂ ಈಗ ಸುಲಭವಾಗಿದೆ. ಗೂಗಲ್ ಲೆನ್ಸ್‌ನಂತಹ ಸೌಲಭ್ಯದಲ್ಲಿ ಚಿತ್ರವನ್ನು ಹಾಕಿ ಹುಡುಕಿದಲ್ಲಿ ಕದ್ದ ಚಿತ್ರದ ಮೂಲವು ಕೆಲವೊಮ್ಮೆ ದೊರೆಯುತ್ತದೆ. ದೊರೆಯದಿದ್ದ ಮಾತ್ರಕ್ಕೆ ಚಿತ್ರವು ಅಸಲಿ ಎಂದಾಗುವುದಿಲ್ಲ. ಹೆಸರಿನ ಮುಂದಿನ ನೀಲಿ ಗುರುತು ಸಹ 2023ರಿಂದ ಕೆಲವು ಜಾಲತಾಣಗಳಲ್ಲಿ ಚಂದಾ ಹಣಕ್ಕೆ ದೊರೆಯುವಂತಹುದಾಗಿದೆ.

ಆದುದರಿಂದ ವಿಚಾರಣೆಯು ಬೇರೆ ದಾರಿಯಿಂದ ನಡೆಯಬೇಕು. ಖಾತೆಯವರು ತಾವೇ ಕೊಟ್ಟ ದೂರವಾಣಿ ಸಂಖ್ಯೆಗೆ ಕರೆ ಮಾಡಿ ‘ನೀವು ಅವರೇನಾ’ ಎಂದು ಕೇಳುವುದರಿಂದ ಪ್ರಯೋಜನವಿಲ್ಲ. ಕಲಾವಿದರ ಸಂಖ್ಯೆಯನ್ನು ಅವರಿಂದ ಹಿಂದೆ ಕೆಲಸ ಮಾಡಿಸಿಕೊಂಡ ದೇವಸ್ಥಾನ, ಸಂಸ್ಥೆ ಅಥವಾ ಕುಟುಂಬದವರಿಂದ ಪಡೆಯುವುದು ಉತ್ತಮ. ಕರ್ನಾಟಕ ಲಲಿತಕಲಾ ಅಕಾಡೆಮಿ, ಕರ್ನಾಟಕ ಶಿಲ್ಪಕಲಾ ಅಕಾಡೆಮಿ, ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಜಿಲ್ಲಾ ಕಚೇರಿಗಳಲ್ಲಿ ವಿಚಾರಿಸಬಹುದು. ದಾವಣಗೆರೆಯ ದೃಶ್ಯಕಲಾ ಮಹಾವಿದ್ಯಾಲಯದ ಅಧ್ಯಾಪಕರಿಗೂ ಈ ಭಾಗದ ಚಿತ್ರಕಾರರ ಪರಿಚಯವಿರುತ್ತದೆ. ಈ ಸಂಸ್ಥೆಗಳು ಯಾವ ಕಲಾವಿದರ ಪರವಾಗಿಯೂ ಖಾತರಿ ನೀಡುವುದಿಲ್ಲ; ಆದರೆ ವ್ಯಕ್ತಿಯನ್ನು ತಲುಪುವ ದಾರಿ ತೋರಿಸಬಲ್ಲವು.

ಕುಶಲಕರ್ಮಿಗಳಾಗಿದ್ದಲ್ಲಿ, ಕೇಂದ್ರ ಜವಳಿ ಸಚಿವಾಲಯದ ಕರಕುಶಲ ಅಭಿವೃದ್ಧಿ ಆಯುಕ್ತರ ಕಚೇರಿಯು ನೀಡುವ ‘ಪೆಹಚಾನ್’ ಗುರುತಿನ ಚೀಟಿ ಅಥವಾ 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿ.ಎಂ. ವಿಶ್ವಕರ್ಮ ಯೋಜನೆಯ ಗುರುತಿನ ಚೀಟಿ ಇರಬಹುದು. ಚೀಟಿ ಇಲ್ಲದ ಒಳ್ಳೆಯ ಕುಶಲಕರ್ಮಿಗಳೂ ಅನೇಕರಿದ್ದಾರೆ. ಚೀಟಿಯ ಚಿತ್ರವನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಿದರೆ ಅದೂ ಕದ್ದ ಚಿತ್ರವಾಗಿರಬಹುದೆಂಬುದನ್ನು ಮರೆಯಬಾರದು.

ಎಲ್ಲಕ್ಕಿಂತ ನಂಬಲರ್ಹವಾದುದು ನೇರ ಭೇಟಿಯೇ. ಶಿಲೆಯ ಕೆಲಸಕ್ಕೆ ಹೆಸರಾದ ಮಾಲೂರು ತಾಲ್ಲೂಕಿನ ಶಿವಾರಪಟ್ಟಣಕ್ಕೆ ಹರಿಹರದಿಂದ ಬೆಂಗಳೂರನ್ನೂ ದಾಟಿ ಹೋಗಬೇಕು. ಮರದ ಕೆಲಸದ ಕಿನ್ನಾಳವು ಕೊಪ್ಪಳ ಜಿಲ್ಲೆಯಲ್ಲಿದೆ. ಬಸ್ ಪ್ರಯಾಣದ ವೆಚ್ಚ ಹಾಗೂ ಒಂದು ದಿನದ ದುಡಿಮೆಯನ್ನು ಲೆಕ್ಕ ಹಾಕಿದರೂ, ಲಕ್ಷಾಂತರ ರೂಪಾಯಿಯ ಮೂರ್ತಿಗೆ ಇದು ದೊಡ್ಡ ಖರ್ಚಲ್ಲ. ಚಿಕ್ಕ ಭಾವಚಿತ್ರಕ್ಕೆ ಇಷ್ಟು ದೂರ ಹೋಗುವುದು ಸಾಧ್ಯವಿಲ್ಲದಿದ್ದಲ್ಲಿ, ಸ್ವತಂತ್ರವಾಗಿ ಪಡೆದ ಸಂಖ್ಯೆಗೆ ವಿಡಿಯೋ ಕರೆ ಮಾಡಿ, ಕೆಲಸದ ಜಾಗವನ್ನು ಸುತ್ತಲೂ ತೋರಿಸುವಂತೆ ಕೋರಬಹುದು. ಇದನ್ನು ಕೇಳಿದರೆ ಕಲಾವಿದರು ಮನನೊಂದುಕೊಳ್ಳುವರೆಂಬ ಸಂಕೋಚ ಅನಗತ್ಯ.

ಹಣ ಪಾವತಿಸುವ ಮುನ್ನ

ಹೆಸರು, ಚಿತ್ರ, ಧ್ವನಿ ಎಲ್ಲವನ್ನೂ ನಕಲು ಮಾಡಬಹುದಾದರೂ, ಬ್ಯಾಂಕ್ ಖಾತೆಯಲ್ಲಿ ದಾಖಲಾಗಿರುವ ಹೆಸರನ್ನು ಬದಲಿಸುವುದು ವಂಚಕನಿಗೆ ಅಷ್ಟು ಸುಲಭವಲ್ಲ. ಯುಪಿಐ ಮೂಲಕ ಹಣ ಕಳುಹಿಸುವಾಗ, ಪಾವತಿದಾರರು ಫೋನಿನಲ್ಲಿ ಉಳಿಸಿಕೊಂಡ ಹೆಸರನ್ನಾಗಲಿ, ಕ್ಯೂಆರ್ ಸಂಕೇತದಲ್ಲಿರುವ ಹೆಸರನ್ನಾಗಲಿ ತೋರಿಸದೆ, ಬ್ಯಾಂಕಿನಲ್ಲಿ ದಾಖಲಾಗಿರುವ ಹೆಸರನ್ನೇ ತೋರಿಸಬೇಕೆಂದು ಭಾರತೀಯ ರಾಷ್ಟ್ರೀಯ ಪಾವತಿ ನಿಗಮವು 2025ರಲ್ಲಿ ಸೂಚಿಸಿ, ಜೂನ್ 30ರ ಗಡುವು ನೀಡಿತು. ನೆಫ್ಟ್ ಹಾಗೂ ಆರ್‌ಟಿಜಿಎಸ್ ಪಾವತಿಗಳಲ್ಲಿಯೂ ಫಲಾನುಭವಿಯ ಖಾತೆಯ ಹೆಸರನ್ನು ಮೊದಲೇ ಪರಿಶೀಲಿಸುವ ಸೌಲಭ್ಯವನ್ನು 2025ರ ಏಪ್ರಿಲ್ 1ರೊಳಗೆ ಒದಗಿಸುವಂತೆ ರಿಸರ್ವ್ ಬ್ಯಾಂಕ್ ನಿರ್ದೇಶಿಸಿತ್ತು. ಆದ್ದರಿಂದ ಪಿನ್ ಒತ್ತುವ ಮುನ್ನ ಪರದೆಯ ಮೇಲಿನ ಹೆಸರನ್ನು ನಿಧಾನವಾಗಿ ಓದತಕ್ಕದ್ದು. ಕಲಾವಿದರ ಹೆಸರಿಗೂ ಅಲ್ಲಿ ಕಾಣುವ ಹೆಸರಿಗೂ ಸಂಬಂಧವಿಲ್ಲದಿದ್ದಲ್ಲಿ ಪಾವತಿಯನ್ನು ನಿಲ್ಲಿಸಬೇಕು. ‘ಅದು ನಮ್ಮ ಲೆಕ್ಕಿಗರ ಖಾತೆ’, ‘ನಮ್ಮ ಖಾತೆಯ ಮಿತಿ ಮುಗಿದಿದೆ, ತಮ್ಮನಿಗೆ ಹಾಕಿ’ ಎಂಬ ವಿವರಣೆ ಬಂದಲ್ಲಿ ಕೂಡಲೇ ಒಪ್ಪದೆ, ಬೇರೆ ದಾರಿಯಿಂದ ಪಡೆದ ಸಂಖ್ಯೆಯಲ್ಲಿ ಕಲಾವಿದರನ್ನೇ ಕೇಳುವುದು ಸೂಕ್ತ. ಕುಟುಂಬದ ಸದಸ್ಯರ ಖಾತೆಯನ್ನು ನಿಜವಾಗಿಯೂ ಬಳಸುವ ಕಲಾವಿದರಿದ್ದಾರೆ. ಆದರೆ ಅದನ್ನು ಕಲಾವಿದರ ಬಾಯಿಂದಲೇ ಕೇಳಬೇಕು.

ಜಿ.ಎಸ್.ಟಿ. ನೋಂದಣಿ ಇದೆಯೆಂದು ಹೇಳಿಕೊಂಡಲ್ಲಿ 15 ಅಕ್ಷರ ಹಾಗೂ ಅಂಕಿಗಳ ಆ ಸಂಖ್ಯೆಯನ್ನು ಜಿ.ಎಸ್.ಟಿ. ಪೋರ್ಟಲ್‌ನಲ್ಲಿ ಯಾರು ಬೇಕಾದರೂ ಹುಡುಕಿ, ನೋಂದಾಯಿತ ಹೆಸರನ್ನು ನೋಡಬಹುದು. ಕರ್ನಾಟಕದ ನೋಂದಣಿಯು 29 ಎಂಬ ಅಂಕಿಯಿಂದ ಆರಂಭವಾಗುತ್ತದೆ. ವಹಿವಾಟು ಕಡಿಮೆ ಇರುವ ಕಲಾವಿದರಿಗೆ ನೋಂದಣಿ ಕಡ್ಡಾಯವಲ್ಲದ ಕಾರಣ, ಸಂಖ್ಯೆ ಇಲ್ಲದಿರುವುದನ್ನೇ ದೋಷವೆಂದು ತಿಳಿಯಬಾರದು. ನೋಂದಣಿಯೇ ಇಲ್ಲದವರು ತೆರಿಗೆಯ ಹೆಸರಿನಲ್ಲಿ ಪ್ರತ್ಯೇಕ ಹಣ ಕೇಳಿದಲ್ಲಿ ಮಾತ್ರ ಅನುಮಾನಿಸಲು ಕಾರಣವಿದೆ.

ಮುಂಗಡವನ್ನು ಒಂದೇ ಕಂತಿನಲ್ಲಿ ದೊಡ್ಡದಾಗಿ ಕೊಡುವ ಬದಲು, ಕಲ್ಲು ಅಥವಾ ಮರದ ಆಯ್ಕೆ, ಒರಟು ಕೆಲಸ, ಅಂತಿಮ ಕೆಲಸ, ಸಾಗಣೆ ಎಂಬ ಹಂತಗಳಿಗೆ ಹೊಂದಿಸಿ ಕೊಡುವುದು ರೂಢಿಯಲ್ಲಿರುವ ಒಳ್ಳೆಯ ಕ್ರಮ. ಅಳತೆ, ಸಾಮಗ್ರಿ, ದರ, ಕಂತುಗಳು, ಒಪ್ಪಿಸುವ ದಿನಾಂಕ ಹಾಗೂ ರದ್ದಾದಲ್ಲಿ ಹಣ ಹಿಂದಿರುಗಿಸುವ ಬಗೆಯನ್ನು ಬರವಣಿಗೆಯಲ್ಲಿ ಪಡೆಯತಕ್ಕದ್ದು. ವಂತಿಗೆಯ ಹಣವಾದಲ್ಲಿ ಸಮಿತಿಯ ಬ್ಯಾಂಕ್ ಖಾತೆಯಿಂದಲೇ, ಕನಿಷ್ಠ ಇಬ್ಬರು ಪದಾಧಿಕಾರಿಗಳು ಹೆಸರನ್ನು ಓದಿದ ನಂತರ ಪಾವತಿಸುವುದು ಕ್ಷೇಮಕರ. ಮೇಲೆ ಹೇಳಿದ ಯುವಕನ ಪರಿಸ್ಥಿತಿ ಯಾರಿಗೂ ಬಾರದಿರಲು ಇದೊಂದೇ ನಿರ್ಣಯ ಬಹುಮಟ್ಟಿಗೆ ಸಾಕು.

ಕಲಾವಿದರಿಗೆ ಸೂಚನೆ

ಗ್ರಾಹಕರ ವೇಷದಲ್ಲಿ ಕಲಾವಿದರನ್ನೇ ವಂಚಿಸುವವರೂ ಇದ್ದಾರೆ. ಸೇನಾ ಅಧಿಕಾರಿಯೆಂದು ಹೇಳಿಕೊಂಡು, ದರದ ಬಗ್ಗೆ ಚೌಕಾಸಿಯನ್ನೇ ಮಾಡದೆ ಬೇಡಿಕೆ ಇಟ್ಟು, ಹಣ ಜಮೆಯಾಗಲು ಕ್ಯೂಆರ್ ಸಂಕೇತವನ್ನು ಸ್ಕ್ಯಾನ್ ಮಾಡಿ ಪಿನ್ ಒತ್ತುವಂತೆ ತಿಳಿಸುವುದು ಪರಿಚಿತ ಮಾದರಿ. ಹಣ ಪಡೆಯಲು ಪಿನ್ ಎಂದಿಗೂ ಬೇಕಾಗುವುದಿಲ್ಲ. ತಮ್ಮ ಹೆಸರಿನಲ್ಲಿ ನಕಲಿ ಖಾತೆ ಕಂಡುಬಂದಲ್ಲಿ ಕಲಾವಿದರು ಜಾಲತಾಣದ ಕುಂದುಕೊರತೆ ಅಧಿಕಾರಿಗೆ ದೂರು ಸಲ್ಲಿಸಬೇಕು. 2021ರ ಮಾಹಿತಿ ತಂತ್ರಜ್ಞಾನ ನಿಯಮಗಳ ಪ್ರಕಾರ, ಸಂಬಂಧಪಟ್ಟ ವ್ಯಕ್ತಿಯೇ ದೂರು ನೀಡಿದಲ್ಲಿ ಛದ್ಮವೇಷದ ವಿಷಯವನ್ನು ನಿಗದಿತ ಅಲ್ಪಾವಧಿಯಲ್ಲಿ ತೆಗೆಯಲು ಜಾಲತಾಣವು ಕ್ರಮ ಕೈಗೊಳ್ಳಬೇಕಾಗುತ್ತದೆ.

ಹಣ ಕಳೆದುಕೊಂಡಲ್ಲಿ

ವಿಳಂಬ ಮಾಡದೆ 1930 ಸಹಾಯವಾಣಿಗೆ ಕರೆ ಮಾಡಬೇಕು ಅಥವಾ ರಾಷ್ಟ್ರೀಯ ಸೈಬರ್ ಅಪರಾಧ ವರದಿ ಪೋರ್ಟಲ್‌ನಲ್ಲಿ ದೂರು ದಾಖಲಿಸಬೇಕು. ಹಣವು ಖಾತೆಯಿಂದ ಖಾತೆಗೆ ಜಿಗಿಯುವ ಮುನ್ನ ತಡೆಹಿಡಿಯಲು ಮೊದಲ ಕೆಲವು ಗಂಟೆಗಳೇ ಮುಖ್ಯ. ಪಾವತಿಯ ದಿನಾಂಕ, ಸಮಯ, ಮೊತ್ತ, ವ್ಯವಹಾರದ ಉಲ್ಲೇಖ ಸಂಖ್ಯೆ, ಎದುರು ಪಕ್ಷದ ಯುಪಿಐ ವಿಳಾಸ ಅಥವಾ ಖಾತೆ ಸಂಖ್ಯೆ ಹಾಗೂ ಫೋನ್ ಸಂಖ್ಯೆಗಳನ್ನು ಸಿದ್ಧವಾಗಿಟ್ಟುಕೊಳ್ಳತಕ್ಕದ್ದು. ಸಂಭಾಷಣೆಯನ್ನು ಅಳಿಸಬಾರದು. ನಕಲಿ ಖಾತೆಯ ಹೆಸರು ಯಾವಾಗ ಬೇಕಾದರೂ ಬದಲಾಗಬಹುದಾದುದರಿಂದ ಅದರ ವಿಳಾಸದ ಕೊಂಡಿಯನ್ನೂ ಪ್ರತ್ಯೇಕವಾಗಿ ಬರೆದಿಡಬೇಕು. ತಮ್ಮ ಬ್ಯಾಂಕಿಗೂ ಕೂಡಲೇ ತಿಳಿಸುವುದು.

ಗ್ರಾಹಕರ ಅರಿವಿಲ್ಲದೆ ಹಣ ಕಡಿತವಾದ ಪ್ರಕರಣಗಳಿಗೆ ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆಯು ರಕ್ಷಣೆ ನೀಡಿತ್ತು. ಇಲ್ಲಿಯಾದರೋ ಗ್ರಾಹಕರು ತಾವೇ ಪಿನ್ ಒತ್ತಿ ಹಣ ಕಳುಹಿಸಿರುತ್ತಾರೆ. ಬ್ಯಾಂಕು ಭರಿಸಿಕೊಡುವುದೆಂದು ಎಣಿಸುವಂತಿಲ್ಲ. ಕಾಯುತ್ತಾ ಕುಳಿತುಕೊಳ್ಳದಿರಲು ಇದು ಮತ್ತೊಂದು ಕಾರಣ.

ಜಿಲ್ಲೆಯ ಸೈಬರ್, ಆರ್ಥಿಕ ಹಾಗೂ ಮಾದಕವಸ್ತು ಅಪರಾಧಗಳ ಪೊಲೀಸ್ ಠಾಣೆಯಲ್ಲಿ, ಅಂದರೆ ಸಿ.ಇ.ಎನ್. ಠಾಣೆಯಲ್ಲಿ, ಅಥವಾ ಸಮೀಪದ ಯಾವುದೇ ಠಾಣೆಯಲ್ಲಿ ದೂರು ನೀಡಬಹುದು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಪ್ರಕರಣದಂತೆ, ಅಪರಾಧವು ಎಲ್ಲಿ ನಡೆದಿದೆ ಎಂಬ ಕಾರಣಕ್ಕೆ ಮಾಹಿತಿಯನ್ನು ನಿರಾಕರಿಸಲು ಬರುವುದಿಲ್ಲ. ಗಣಕಯಂತ್ರ ಸಾಧನವನ್ನು ಬಳಸಿ ಬೇರೊಬ್ಬರಂತೆ ನಟಿಸಿ ವಂಚಿಸುವುದು ಮಾಹಿತಿ ತಂತ್ರಜ್ಞಾನ ಅಧಿನಿಯಮ, 2000ರ 66ಡಿ ಪ್ರಕರಣದಡಿ 3 ವರ್ಷಗಳವರೆಗಿನ ಕಾರಾವಾಸ ಮತ್ತು 1 ಲಕ್ಷ ರೂ.ವರೆಗಿನ ದಂಡಕ್ಕೆ ಗುರಿಯಾಗುವ ಅಪರಾಧ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 319ನೇ ಪ್ರಕರಣದಂತೆ ಛದ್ಮವೇಷದ ವಂಚನೆಗೆ 5 ವರ್ಷಗಳವರೆಗೆ ಶಿಕ್ಷೆ ವಿಧಿಸಬಹುದಾಗಿದೆ.

ನಿಜವಾದ ಕಲಾವಿದರೇ ಹಣ ಪಡೆದು ಕೆಲಸವನ್ನು ತಡಮಾಡಿದಲ್ಲಿ ಅದನ್ನು ಈ ವಂಚನೆಯೊಂದಿಗೆ ಬೆರೆಸಬಾರದು. ಮಳೆಗಾಲ, ಕಲ್ಲಿನಲ್ಲಿ ಕಾಣುವ ಬಿರುಕು, ಅನಾರೋಗ್ಯ ಇತ್ಯಾದಿ ಕಾರಣಗಳಿಂದ ಕೆಲಸ ಮುಂದೆ ಹೋಗುವುದುಂಟು. ಮಾತುಕತೆಯಿಂದ ಬಗೆಹರಿಯದಿದ್ದಲ್ಲಿ 1915 ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯನ್ನು ಸಂಪರ್ಕಿಸಬಹುದು. ಗ್ರಾಹಕ ಸಂರಕ್ಷಣಾ ಅಧಿನಿಯಮ, 2019ರಂತೆ ದೂರುದಾರರು ತಾವು ವಾಸವಿರುವ ಜಿಲ್ಲೆಯ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗದಲ್ಲಿಯೇ ದೂರು ಸಲ್ಲಿಸಲು ಅವಕಾಶವಿದ್ದು, ಸಾಮಾನ್ಯವಾಗಿ 2 ವರ್ಷಗಳೊಳಗೆ ಸಲ್ಲಿಸತಕ್ಕದ್ದು.

ತಡೆಹಿಡಿದ ಹಣವನ್ನು ಹಿಂಪಡೆಯಲು ನ್ಯಾಯಾಲಯದ ಆದೇಶ ಬೇಕಾಗಬಹುದು. ಅದಕ್ಕೆ ಸಮಯ ಹಿಡಿಯುತ್ತದೆ. ಆ ಅವಧಿಯಲ್ಲಿ ‘ಸೈಬರ್ ಕಚೇರಿಯಿಂದ ಮಾತನಾಡುತ್ತಿದ್ದೇವೆ, ಶುಲ್ಕ ಪಾವತಿಸಿದರೆ ನಿಮ್ಮ ಹಣ ಬಿಡುಗಡೆಯಾಗುತ್ತದೆ’ ಎಂಬ ಕರೆ ಬಂದಲ್ಲಿ, ಅದು ಎರಡನೆಯ ವಂಚನೆ. 1930 ಸಹಾಯವಾಣಿಯಾಗಲಿ, ಪೊಲೀಸ್ ಠಾಣೆಯಾಗಲಿ ದೂರು ದಾಖಲಿಸಲು ಅಥವಾ ಹಣ ಬಿಡಿಸಲು ಯಾವುದೇ ಶುಲ್ಕವನ್ನು ಪಡೆಯುವುದಿಲ್ಲ. ಇಂತಹ ಕರೆಯ ಸಂಖ್ಯೆಯನ್ನು ಸಹ ಮೊದಲ ದೂರಿನ ಸ್ವೀಕೃತಿ ಸಂಖ್ಯೆಯನ್ನು ಉಲ್ಲೇಖಿಸಿ ತನಿಖಾಧಿಕಾರಿಗೆ ಲಿಖಿತವಾಗಿ ನೀಡತಕ್ಕದ್ದು.