ಕ್ಯಾಸಿಮಿರ್ ಬಲ: ನಿರ್ವಾತದ ಸೆಳೆತ ಬಯಲುಮಾಡಿದ ವಸ್ತುಗುಣ

ದ್ರವದಲ್ಲಿ ಕಲಸಿದ ನುಣ್ಣನೆಯ ಪುಡಿ ಕೆಲವೊಮ್ಮೆ ತೇಲುತ್ತಲೇ ಇರುತ್ತದೆ. ಕೆಲವೊಮ್ಮೆ ಗರಣೆಗಟ್ಟಿ ತಳ ಸೇರುತ್ತದೆ. ಕಣಗಳ ನಡುವಿನ ಸೆಳೆತ ಎಷ್ಟು? 1940ರ ದಶಕದಲ್ಲಿ ಹಾಲೆಂಡಿನ ಫಿಲಿಪ್ಸ್ ಪ್ರಯೋಗಾಲಯದಲ್ಲಿ ಕ್ವಾರ್ಟ್ಜ್ ಪುಡಿಯನ್ನು ಅಭ್ಯಸಿಸುತ್ತಿದ್ದ ಓವರ್‌ಬೀಕ್ ಅವರಿಗೆ ಒಂದು ಸಂದೇಹ ಬಂತು. 1930ರಲ್ಲಿ ಫ್ರಿಟ್ಸ್ ಲಂಡನ್ ನೀಡಿದ್ದ ಸೂತ್ರ ಹೇಳುವುದಕ್ಕಿಂತ ಬೇಗನೆ ಈ ಸೆಳೆತ ದೂರದೊಡನೆ ಕುಗ್ಗುತ್ತಿರುವಂತಿತ್ತು. ಒಂದು ಪರಮಾಣುವಿನ ಪ್ರಭಾವ ಇನ್ನೊಂದನ್ನು ತಲುಪಲು ತಗಲುವ ಕಾಲವೇ ಇದಕ್ಕೆ ಕಾರಣವೆಂದು ಅವರು ಊಹಿಸಿದರು.

ಹೆಂಡ್ರಿಕ್ ಕ್ಯಾಸಿಮಿರ್ ಮತ್ತು ಪೋಲ್ಡರ್ ಲೆಕ್ಕ ಹಾಕಿ ಈ ಊಹೆಯನ್ನು ಸಮರ್ಥಿಸಿದರು. ಉತ್ತರ ಅಷ್ಟು ಸರಳವಾಗಿ ಬಂದುದೇಕೆ ಎಂಬ ಪ್ರಶ್ನೆಗೆ ನೀಲ್ಸ್ ಬೋರ್ ಶೂನ್ಯಬಿಂದು ಶಕ್ತಿಯತ್ತ ಬೊಟ್ಟುಮಾಡಿದರು. ಕ್ವಾಂಟಂ ಸಿದ್ಧಾಂತದಂತೆ ನಿರ್ವಾತದಲ್ಲೂ ವಿದ್ಯುತ್ಕಾಂತ ಕ್ಷೇತ್ರ ಏರಿಳಿಯುತ್ತಿರುತ್ತದೆ. ಎರಡು ಲೋಹಫಲಕಗಳ ನಡುವೆ ಕೆಲವು ಅಲೆಗಳಿಗಷ್ಟೇ ಎಡೆಯಿರುವುದರಿಂದ ಫಲಕಗಳು ಪರಸ್ಪರ ಸೆಳೆಯಬೇಕೆಂದು ಕ್ಯಾಸಿಮಿರ್ 1948ರಲ್ಲಿ ತೋರಿಸಿದರು. ಅಂತರ ಇಮ್ಮಡಿಯಾದರೆ ಬಲ 16ರಲ್ಲಿ ಒಂದು ಪಾಲಾಗುತ್ತದೆ. ಒಂದು ಮೈಕ್ರೋಮೀಟರ್ ಅಂತರದಲ್ಲಿ ಒಂದು ಚದರ ಸೆಂಟಿಮೀಟರಿನ ಮೇಲೆ ಬೀಳುವ ಬಲ ನ್ಯೂಟನ್ನಿನ ಕೋಟಿಯಲ್ಲಿ ಸುಮಾರು 1.3 ಪಾಲು ಮಾತ್ರ.

ಆದರೆ ಈ ಸೂತ್ರ ಆದರ್ಶ ಕನ್ನಡಿಗಳದು. ಫಲಕ ಚಿನ್ನದ್ದೋ ತಾಮ್ರದ್ದೋ ಎಂಬುದು ಅದರಲ್ಲಿಲ್ಲ. ಈ ಕೊರತೆಯನ್ನು ನೀಗಿದವರು ಸೋವಿಯತ್ ವಿಜ್ಞಾನಿ ಲಿಫ್ಷಿಟ್ಸ್. 1955ರಲ್ಲಿ ಪ್ರಕಟವಾದ ಅವರ ಸಿದ್ಧಾಂತದಲ್ಲಿ, ಪ್ರತಿ ಆವೃತ್ತಿಯ ಬೆಳಕಿಗೆ ವಸ್ತು ಹೇಗೆ ಸ್ಪಂದಿಸುತ್ತದೆ ಎಂಬುದೇ ಬಲವನ್ನು ನಿರ್ಧರಿಸುತ್ತದೆ. ಅಂದರೆ ಅಳೆದ ಬಲವು ವಸ್ತುವಿನ ಒಳಗುಣದ ಸಾಕ್ಷಿಯೂ ಹೌದು. ಆಗ ಗಾಜಿನ ಫಲಕಗಳ ಮೇಲೆ ಡಚ್ಚರು ಪಡೆದಿದ್ದ ಬಲ, ಮಾಸ್ಕೋದಲ್ಲಿ ಡೆರ್ಯಾಗಿನ್ ಮತ್ತು ಅಬ್ರಿಕೊಸೋವಾ ಕ್ವಾರ್ಟ್ಜ್ ಮೇಲೆ ಪಡೆದುದಕ್ಕಿಂತ ಬಹಳ ಹೆಚ್ಚಾಗಿತ್ತು. ಸಿದ್ಧಾಂತ ಹೊಂದಿದ್ದು ಮಾಸ್ಕೋದ ಅಳತೆಗೆ.

ಅಳತೆ ಸುಲಭವಲ್ಲ. ಮೇಲ್ಮೈಯ ಧೂಳು, ಒರಟುತನ, ಉಳಿದ ವಿದ್ಯುದಾವೇಶ ಇವೆಲ್ಲ ಫಲಿತಾಂಶವನ್ನು ಕೆಡಿಸಬಲ್ಲವು. 1958ರಲ್ಲಿ ಸ್ಪಾರ್ನೇ ಲೋಹಫಲಕಗಳಲ್ಲಿ ಮಾಡಿದ ಪ್ರಯೋಗದ ಅನಿಶ್ಚಿತತೆ ಶೇ. 100ರಷ್ಟಿತ್ತು. 1997ರಲ್ಲಿ ಅಮೆರಿಕದ ಲ್ಯಾಮೊರೊ ತಿರುಚು ಲೋಲಕ ಬಳಸಿ ಸಿದ್ಧಾಂತದೊಡನೆ ಸುಮಾರು ಶೇ. 5ರ ಮಟ್ಟದ ಹೊಂದಾಣಿಕೆಯನ್ನು ವರದಿ ಮಾಡಿದರು. 2009ರಲ್ಲಿ ಮಂಡೆ, ಕಪಾಸೊ ಮತ್ತು ಪಾರ್ಸೇಜಿಯನ್ ಬ್ರೋಮೋಬೆಂಜೀನ್ ದ್ರವದಲ್ಲಿ ಚಿನ್ನ ಮತ್ತು ಸಿಲಿಕಾ ಪರಸ್ಪರ ವಿಕರ್ಷಿಸುವುದನ್ನು ಅಳೆದರು. ವಸ್ತುಗಳನ್ನು ಆರಿಸಿ ಬಲದ ದಿಕ್ಕನ್ನೇ ಬದಲಿಸಬಹುದೆಂದು ಲಿಫ್ಷಿಟ್ಸ್ ಸಿದ್ಧಾಂತದ ವಿಸ್ತರಣೆ ಮೊದಲೇ ಸೂಚಿಸಿತ್ತು.

ಕಡಿಮೆ ಆವೃತ್ತಿಗಳಲ್ಲಿ ಚಿನ್ನದ ಎಲೆಕ್ಟ್ರಾನುಗಳ ವರ್ತನೆಯನ್ನು ಈ ಲೆಕ್ಕದಲ್ಲಿ ಹೇಗೆ ಸೇರಿಸಬೇಕೆಂಬ ಚರ್ಚೆ ಇನ್ನೂ ಮುಗಿದಿಲ್ಲ. ಪುಡಿ ಏಕೆ ಗರಣೆಗಟ್ಟುತ್ತದೆಂಬ ಪ್ರಶ್ನೆ ಹೀಗೆ ಲೋಹಗಳ ಅಂತರಂಗದವರೆಗೆ ಬಂದು ನಿಂತಿದೆ.